ಸೇವೆಗೆ ಪದವಿ ಬೇಕೆ? ಸಂಬಳ ಬೇಡವೆ?

ಪಿ.ಯು.ಸಿ. ಫಲಿತಾಂಶ ಬಂದ ವಾರ ನಮ್ಮ ಧರ್ಮಕೇಂದ್ರಗಳಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಕೇಳಿಬರುವ ಪ್ರಶ್ನೆ ಒಂದೇ: "ಮಗಳು ಮುಂದೇನು ಮಾಡುತ್ತಾಳೆ?" ಅಂಕ ಚೆನ್ನಾಗಿ ಬಂದ ಮನೆಯವರು ನಾಲ್ಕು ಜನರಿಗೆ ಕೇಳುವಂತೆ ಉತ್ತರ ಹೇಳುತ್ತಾರೆ. ಅಂಕ ಕಡಿಮೆಯಾದ ಮನೆಯವರು, ಅಂಕವಿದ್ದರೂ ಕೈಯಲ್ಲಿ ಹಣವಿಲ್ಲದವರು, "ನೋಡಬೇಕು" ಎಂದಷ್ಟೇ ಹೇಳಿ ಬೇಗನೆ ಮನೆಯ ದಾರಿ ಹಿಡಿಯುತ್ತಾರೆ. ಪರೀಕ್ಷೆಗಳಲ್ಲಿ ನಮ್ಮ ಉತ್ತರ ಕನ್ನಡ ರಾಜ್ಯದ ಮುಂದಿನ ಸಾಲಿನಲ್ಲಿ ನಿಲ್ಲುವ ಜಿಲ್ಲೆ. ಆದ್ದರಿಂದಲೇ ಏನೋ, ಹಿಂದೆ ಉಳಿದ ಮಗುವಿನ ನಾಚಿಕೆ ಇಲ್ಲಿ ಇನ್ನಷ್ಟು ಹೆಚ್ಚು.

ಆ ಮಗುವನ್ನು ಸ್ವಲ್ಪ ಗಮನಿಸಿ. ಹಾಸಿಗೆ ಹಿಡಿದ ಅಜ್ಜಿಗೆ ಗಂಜಿ ಕುಡಿಸಿದವಳು ಅವಳೇ. ಅಕ್ಕನ ಬಾಣಂತನಕ್ಕೆ ರಾತ್ರಿ ಎದ್ದವಳು ಅವಳೇ. ಪಕ್ಕದ ಮನೆಯ ಮಾತು ಬಾರದ ಹುಡುಗನ ಸನ್ನೆ ಅವನ ತಾಯಿಯನ್ನು ಬಿಟ್ಟರೆ ತಿಳಿಯುವುದು ಅವಳಿಗೆ ಮಾತ್ರ. "ನಾಲ್ಕು ಜನರಿಗೆ ಉಪಕಾರವಾಗುವ ಕೆಲಸ ಮಾಡಬೇಕು" ಎಂದು ಅವಳೂ ಆಸೆಪಟ್ಟಿರುತ್ತಾಳೆ. ಆದರೆ ಅಂಥ ಕೆಲಸಕ್ಕೆ ಡಿಗ್ರಿ ಬೇಕು, ಡಿಗ್ರಿಗೆ ಲಕ್ಷಗಟ್ಟಲೆ ಹಣ ಬೇಕು ಎಂದು ಮನೆಯಲ್ಲಿ ತೀರ್ಮಾನವಾಗಿಬಿಡುತ್ತದೆ. ಬೆಳಗಿನ ರೈಲು ಹತ್ತಿ ಗೋವೆಯಲ್ಲಿ ಏನಾದರೂ ಕೆಲಸ, ಇಲ್ಲವೇ ಮದುವೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಪದವಿ ಇಲ್ಲದವರು ಪರರ ನೋವಿಗೆ ಆಗುವ ಕೆಲಸವನ್ನು ಜೀವನೋಪಾಯವಾಗಿ ಹಿಡಿಯಬಹುದೇ? ಹಿಡಿಯಬಹುದು ಎಂಬುದಕ್ಕೆ ಸಾಕ್ಷಿ ಹುಡುಕಿ ದೂರ ಹೋಗಬೇಕಾಗಿಲ್ಲ. ನನ್ನನ್ನು ಕಾಡುವುದು ಅದರ ಹಿಂದೆ ಇರುವ ಇನ್ನೊಂದು ಪ್ರಶ್ನೆ. ಅಂಥವರನ್ನು ನಾವು ಯಾವ ಬೆಲೆಗೆ ಇಟ್ಟುಕೊಂಡಿದ್ದೇವೆ?

ಅಂಕೋಲಾ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರ ಹೆಸರು ಕೇಳದವರು ನಮ್ಮಲ್ಲಿ ಇರಲಾರರು. ಹಾಲಕ್ಕಿ ಹಾಡುಗಳ ಭಂಡಾರ ಎಂದು ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಹಾಡಿನಷ್ಟೇ ದೊಡ್ಡದು ಅವರು ಊರಿನ ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ನಡೆಸಿದ ಹೋರಾಟ. ಕುಡಿತ ಮನೆಯನ್ನು ಏನು ಮಾಡುತ್ತದೆ ಎಂಬುದನ್ನು ಸ್ವಂತ ಮನೆಯಲ್ಲೇ ಕಂಡವರು ಅವರು. ಯಾವ ಕಾಲೇಜಿನ ಪುಸ್ತಕವೂ ಕಲಿಸಬೇಕಾಗಿರಲಿಲ್ಲ. 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಅದಕ್ಕೆ ಎರಡು ತಿಂಗಳು ಮೊದಲು, 2024ರ ಡಿಸೆಂಬರ್ 16ರಂದು, ಅದೇ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರೂ ಹೋದರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಎಳೆಯ ಸಸಿಗಳನ್ನು ಕೂಸಿನಂತೆ ಸಾಕಿದರು. ಯಾವ ಮರದ ಬೀಜ ಯಾವಾಗ ಆರಿಸಬೇಕು, ಯಾವುದು ತಾಯಿಮರ ಎಂಬುದನ್ನು ಅರಣ್ಯ ಅಧಿಕಾರಿಗಳೂ ಅವರನ್ನೇ ಕೇಳುತ್ತಿದ್ದರು. 2021ರ ನವೆಂಬರ್‌ನಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ನಡೆದು ಹೋಗಿ ಪದ್ಮಶ್ರೀ ಪಡೆದ ಅವರ ಚಿತ್ರ ಎಷ್ಟೋ ಅಂಗಡಿ, ಶಾಲೆಗಳ ಗೋಡೆಯ ಮೇಲಿದೆ. ಆ ಚಿತ್ರದಲ್ಲಿ ಕಾಣದ ಒಂದು ಸಂಗತಿ ಇದೆ: ಅವರು ದಶಕಗಳ ಕಾಲ ದಿನಗೂಲಿಯಾಗಿಯೇ ದುಡಿದರು. ನೌಕರಿ ಕಾಯಂ ಆದದ್ದು ಆಯುಷ್ಯದ ಬಹುಭಾಗ ಕಳೆದ ಮೇಲೆ.

ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮನವರ ಕಥೆಯೂ ಇದೇ ತರಹದ್ದು. ಅಕ್ಷರ ಬಾರದ ಅವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿದರು. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಆ ವರ್ಷದ ಕ್ರಿಸ್ಮಸ್ ದಿನವೇ ಅವರು ಕಣ್ಣುಮುಚ್ಚಿದರು. ಪದವಿ ಇಲ್ಲದವರಿಗೆ ನಾವು ಪದವಿಯನ್ನು ಕೊಡುವುದು ಹೀಗೆ, ಎಲ್ಲ ಮುಗಿದ ಮೇಲೆ, ಶಾಲು ಹಾರದ ಜೊತೆಗೆ. ಅವರ ನಡುವಯಸ್ಸಿನಲ್ಲಿ, ಕೈಕಾಲು ಗಟ್ಟಿ ಇದ್ದಾಗ, ತಿಂಗಳ ಕೊನೆಗೆ ಅವರ ಮನೆಯ ಅಕ್ಕಿ ಡಬ್ಬಿಯಲ್ಲಿ ಏನಿತ್ತು ಎಂದು ಯಾರೂ ಇಣುಕಿ ನೋಡಲಿಲ್ಲ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರು ಗಂಗಾವಳಿಯ ಪಾಲಾದಾಗ ಸೇನೆ, ನೌಕಾಪಡೆಯವರ ಜೊತೆಗೆ ಉಡುಪಿಯ ಕಡೆಯಿಂದ ಈಶ್ವರ ಮಲ್ಪೆ ಮತ್ತು ಸಂಗಡಿಗರು ಬಂದು ಕೆಸರು ನೀರಿಗೆ ಇಳಿದರು. ಅಂಥ ಹೊತ್ತಿನಲ್ಲಿ ಅವರ ಓದು ಎಷ್ಟು ಎಂದು ಯಾರು ಕೇಳುತ್ತಾರೆ?

ಇರಲಿ. ಇವರೆಲ್ಲ ಅಪರೂಪದ ಜೀವಗಳು. ನಮ್ಮ ಮನೆಯ ಸಾಧಾರಣ ಮಗಳಿಗೆ ತೆರೆದಿರುವ ಬಾಗಿಲುಗಳು ಯಾವುವು?

ಮೊದಲನೆಯದು ಊರಿನಲ್ಲೇ ಇದೆ. ನಾವು ಇಂದಿಗೂ ಬಾಲವಾಡಿ ಎಂದೇ ಕರೆಯುವ ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದ ಈ ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ಟಿ.ನರಸೀಪುರದಲ್ಲಿ. ಮೊದಲು ಎಸ್.ಎಸ್.ಎಲ್.ಸಿ. ಆಗಿದ್ದರೆ ಕಾರ್ಯಕರ್ತೆಯಾಗಬಹುದಿತ್ತು; ಈಗ ಕಾರ್ಯಕರ್ತೆಗೆ ಪಿ.ಯು.ಸಿ., ಸಹಾಯಕಿಗೆ ಎಸ್.ಎಸ್.ಎಲ್.ಸಿ. ಕೇಳುತ್ತಾರೆ, ಆ ಊರಿನವರೇ ಆಗಿರಬೇಕು. ಎರಡನೆಯದು 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಆಶಾ. ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬಳು, ಅದೇ ಊರಿನ ಹೆಂಗಸು. ಎಂಟನೇ ತರಗತಿ ಓದಿದ್ದರೂ ಸಾಕು ಎಂದು ಆರಂಭದ ನಿಯಮ ಹೇಳುತ್ತಿತ್ತು. ವಿಧವೆಗೆ, ಗಂಡ ಬಿಟ್ಟವಳಿಗೆ ಅಲ್ಲಿ ಅವಕಾಶವಿದೆ ಎಂಬುದನ್ನು ನಾನು ವಿಶೇಷವಾಗಿ ಹೇಳಬಯಸುತ್ತೇನೆ. ಏಕೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಅಂಥ ಸಹೋದರಿಯರಿದ್ದಾರೆ, ಮತ್ತು ಅವರಿಗೆ ನಾವು ಸಾಮಾನ್ಯವಾಗಿ ಕೊಡುವುದು ಪ್ರಾರ್ಥನೆಯ ಭರವಸೆಯನ್ನು ಮಾತ್ರ.

ಇನ್ನು ನರ್ಸಿಂಗ್. ನರ್ಸ್ ಎಂದರೆ ಬಿ.ಎಸ್ಸಿ. ಎಂದೇ ಅನೇಕರ ತಿಳುವಳಿಕೆ. ಪಿ.ಯು.ಸಿ. ನಂತರ ಎರಡು ವರ್ಷದ ಎ.ಎನ್.ಎಂ. ಇದೆ, ಮೂರು ವರ್ಷದ ಜಿ.ಎನ್.ಎಂ. ಇದೆ. ಎರಡೂ ಪದವಿಗಳಲ್ಲ, ಮುಗಿಸಿದವರು ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿ ಕೆಲಸಕ್ಕೆ ಸೇರಬಹುದು. ಕಲಾ ವಿಭಾಗದಲ್ಲಿ ಓದಿದವರಿಗೂ ಬಾಗಿಲು ಮುಚ್ಚಿಲ್ಲ. ಸೇರುವ ಮುನ್ನ ಆ ಶಾಲೆಗೆ ಮಾನ್ಯತೆ ಇದೆಯೇ, ಅಭ್ಯಾಸಕ್ಕೆ ನಿಜವಾದ ಆಸ್ಪತ್ರೆ ಇದೆಯೇ ಎಂದು ನೋಡಿಕೊಳ್ಳಿ. ಬಣ್ಣದ ಕರಪತ್ರದಲ್ಲಿ ಹಾಸಿಗೆಗಳ ಸಂಖ್ಯೆ ಮುದ್ರಿಸುವುದು ಸುಲಭ.

ಹೆಚ್ಚು ಜನರಿಗೆ ತಿಳಿಯದ ಇನ್ನೊಂದು ಬಾಗಿಲು ಅಂಗವಿಕಲ ಸಹೋದರ ಸಹೋದರಿಯರಿಗೆ ಇದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಎಂಬವರಿದ್ದಾರೆ. ತಾವೇ ಅಂಗವೈಕಲ್ಯ ಉಳ್ಳವರು ಊರಿನ ಇತರ ಅಂಗವಿಕಲರ ಮನೆಗೆ ಹೋಗಿ ಗುರುತಿನ ಚೀಟಿ, ಮಾಸಾಶನ, ಗಾಲಿಕುರ್ಚಿ ಇವುಗಳ ದಾರಿ ಮಾಡಿಕೊಡುತ್ತಾರೆ. ಇಲ್ಲಿ ಅವರ ವೈಕಲ್ಯವೇ ಒಂದು ಅರ್ಹತೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಡ ಇದೇ ತತ್ವದ ಮೇಲೆ ನಿಂತಿದೆ: ಬಿದ್ದು ಎದ್ದವನಿಗೆ ಬಿದ್ದವನ ಭಾಷೆ ಗೊತ್ತು. ಅಲ್ಲಿ ಸಂಬಳವಿಲ್ಲ ನಿಜ. ಆದರೆ ಅಲ್ಲಿಗೆ ಹೋಗುವವರು ಬೇರೆ ಉದ್ಯೋಗದಲ್ಲಿ ಹೊಟ್ಟೆ ಹೊರೆದುಕೊಂಡೇ ಸಂಜೆ ಬಂದು ಕೂರುವವರು.

ಕೊನೆಯದು ಹೋಂ ನರ್ಸ್. ಹೆಸರಿನಲ್ಲಿ ನರ್ಸ್ ಇದೆ, ನರ್ಸಿಂಗ್ ಓದಿರಬೇಕೆಂದಿಲ್ಲ. ಕಾರವಾರ, ಅಂಕೋಲೆಗಳಲ್ಲಿ ಮಕ್ಕಳು ಮುಂಬಯಿ, ಗೋವಾ, ಗಲ್ಫ್ ಸೇರಿದ ಮನೆಗಳು ಎಷ್ಟಿವೆ ಎಂದು ನಿಮಗೇ ಗೊತ್ತು. ದೊಡ್ಡ ಮನೆ, ಮುಂದೆ ತೆಂಗಿನ ತೋಟ, ಒಳಗೆ ಎಂಬತ್ತು ದಾಟಿದ ಇಬ್ಬರು. ಅವರಲ್ಲಿ ಒಬ್ಬರು ಬಚ್ಚಲಲ್ಲಿ ಜಾರಿ ಬಿದ್ದ ದಿನ ಏಜೆನ್ಸಿಗೆ ಫೋನು ಹೋಗುತ್ತದೆ, ಮೂರನೆಯ ದಿನ ಒಬ್ಬ ಹುಡುಗಿ ಬ್ಯಾಗು ಹಿಡಿದು ಬರುತ್ತಾಳೆ. ಈ ಲೇಖನದ ಉಳಿದ ಭಾಗ ಹೆಚ್ಚಾಗಿ ಅವಳ ಕುರಿತು.

ಅವಳಿಗೆ ಪ್ರೀತಿ ಇದ್ದರೆ ಸಾಕೇ? ನಮ್ಮ ಪ್ರವಚನಗಳಲ್ಲಿ ಪ್ರೀತಿಯ ಮಾತು ಎಷ್ಟು ಬರುತ್ತದೆಂದರೆ ಉಳಿದದ್ದೆಲ್ಲ ತಾನಾಗಿ ಬಂದುಬಿಡುತ್ತದೆ ಎಂದು ಅನ್ನಿಸಿಬಿಡುತ್ತದೆ. ಕಲ್ಕತ್ತೆಯ ಮದರ್ ತೆರೇಸಾ ಹಾಗೆ ಎಣಿಸಲಿಲ್ಲ. 1948ರ ಆಗಸ್ಟ್‌ನಲ್ಲಿ ಲೊರೆಟೊ ಮಠವನ್ನು ಬಿಟ್ಟ ಅವರು ನೇರವಾಗಿ ಕೊಳೆಗೇರಿಗೆ ನಡೆಯಲಿಲ್ಲ. ಪಾಟ್ನಾಕ್ಕೆ ಹೋಗಿ ಮೆಡಿಕಲ್ ಮಿಷನ್ ಭಗಿನಿಯರ ಹೋಲಿ ಫ್ಯಾಮಿಲಿ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಶುಶ್ರೂಷೆಯ ಪ್ರಾಥಮಿಕ ಪಾಠ ಕಲಿತರು. ತನ್ನ ಸಂಗಾತಿಗಳು ಬಡವರಂತೆ ಅನ್ನ ಉಪ್ಪು ಮಾತ್ರ ತಿಂದಿರಬೇಕು ಎಂದು ಅವರು ಹೇಳಿದಾಗ ಅಲ್ಲಿಯ ಭಗಿನಿಯರು ಒಪ್ಪಲಿಲ್ಲವಂತೆ. ಹಾಗೆ ತಿಂದರೆ ನಿಮ್ಮವರೇ ಕ್ಷಯ ಹಿಡಿದು ಬೀಳುತ್ತಾರೆ, ಬಿದ್ದವರು ಯಾರಿಗೆ ಉಪಕಾರ ಮಾಡಿಯಾರು ಎಂಬುದು ಅವರ ವಾದ. ಮದರ್ ತೆರೇಸಾ ಕೇಳಿದರು. ಸೇವೆ ಮಾಡುವವಳ ಹೊಟ್ಟೆ ತುಂಬಿರಬೇಕು ಎಂಬ ಈ ಸಣ್ಣ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಲಿಕೆ ಎಂದರೆ ಕಾಲೇಜು ಎಂದೇ ಅಲ್ಲ. ಮಹಾರಾಷ್ಟ್ರದ ಜಾಮಖೇಡಿನಲ್ಲಿ 1970ರಿಂದ ರಜನಿಕಾಂತ್ ಮತ್ತು ಮೇಬೆಲ್ ಅರೋಳೆ ಎಂಬ ಕ್ರೈಸ್ತ ವೈದ್ಯ ದಂಪತಿ ಓದುಬರಹ ಬಾರದ ಹಳ್ಳಿಯ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ತಯಾರು ಮಾಡಿದರು. ಅವರಲ್ಲಿ ಅನೇಕರು ದಲಿತರು, ಗಂಡನಿಂದ ದೂರವಾದವರು. ಒಂದೇ ಸಲ ಪಾಠ ಹೇಳಿ ಪ್ರಮಾಣಪತ್ರ ಕೊಟ್ಟು ಕಳಿಸಲಿಲ್ಲ. ಅವರು ವಾರವಾರ ಬರುತ್ತಿದ್ದರು. ಹಳ್ಳಿಯಲ್ಲಿ ಕಂಡದ್ದನ್ನು ಹೇಳುತ್ತಿದ್ದರು, ಹೊಸದೊಂದು ಕಲಿತು ಮರಳುತ್ತಿದ್ದರು. ಆ ಹಳ್ಳಿಗಳಲ್ಲಿ ಎಳೆಗೂಸುಗಳ ಸಾವು ಗಣನೀಯವಾಗಿ ಇಳಿಯಿತು. 1979ರಲ್ಲಿ ಆ ದಂಪತಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಜಗತ್ತಿನ ಬೇರೆ ಬೇರೆ ಕಡೆಯವರು ಆ ಹೆಂಗಸರಿಂದ ಕಲಿಯಲು ಬರತೊಡಗಿದರು.

ಹಾಗಾದರೆ ಹೋಂ ನರ್ಸ್ ಏನು ತಿಳಿದಿರಬೇಕು? ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಮಲಗಿಸಿಯೇ ಗಂಜಿ ಕುಡಿಸಿದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ತಲೆ ಎತ್ತಿ ಕೂರಿಸಿಯೇ ಕುಡಿಸಬೇಕು. ತನ್ನ ಸೊಂಟ ಹಿಡಿಯದಂತೆ ಇನ್ನೊಬ್ಬರನ್ನು ಎತ್ತುವುದು ಹೇಗೆ, ಸಕ್ಕರೆ ಕಾಯಿಲೆಯವರ ಪಾದವನ್ನು ದಿನವೂ ಏಕೆ ನೋಡಬೇಕು, ಇವೆಲ್ಲ ಕೈಗೆ ಬರಬೇಕು. ಅಷ್ಟೇ ಮುಖ್ಯವಾದದ್ದು ತಾನು ಮಾಡಬಾರದ್ದು ಏನು ಎಂಬುದು. ಇಂಜೆಕ್ಷನ್ ಕೊಡುವುದು, ಗ್ಲೂಕೋಸ್ ಏರಿಸುವುದು, ರಕ್ತದೊತ್ತಡದ ಮಾತ್ರೆ ಹೆಚ್ಚು ಕಡಿಮೆ ಮಾಡುವುದು ಅವಳ ಕೆಲಸವಲ್ಲ. "ನೀನೇ ಚುಚ್ಚಿಬಿಡು, ಡಾಕ್ಟರ ಬಳಿ ಯಾರು ಹೋಗುತ್ತಾರೆ" ಎಂದು ಒತ್ತಾಯಿಸುವವರು ಮನೆಯವರೇ. ತಪ್ಪಾದರೆ ಪೊಲೀಸ್ ಠಾಣೆಗೆ ಹೋಗಬೇಕಾದವಳು ಅವಳು. ನಮ್ಮ ಅಂಕೋಲೆಯ ಬೆಳಂಬಾರಕ್ಕೆ ಲಕ್ವ ಹೊಡೆದವರನ್ನು ನಾಟಿ ಔಷಧಿಗೆಂದು ದೂರದೂರದಿಂದ ಕರೆತರುತ್ತಾರೆ. ಹಿರಿಯರಿಂದ ವರ್ಷಗಟ್ಟಲೆ ಕಲಿತು ಬಂದ ವಿದ್ಯೆಯನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ಬಾಯಿ ಸೊಟ್ಟಗಾಗಿ ಕೈ ಜೋತುಬಿದ್ದ ಗಳಿಗೆಯಲ್ಲಿ ಮೊದಲು ಓಡಬೇಕಾದದ್ದು ದೊಡ್ಡ ಆಸ್ಪತ್ರೆಗೆ. ಮಿದುಳಿನ ರಕ್ತನಾಳದ ಹೆಪ್ಪನ್ನು ಕರಗಿಸುವ ಔಷಧಿ ಕೆಲಸ ಮಾಡುವುದು ಸುಮಾರು ನಾಲ್ಕೂವರೆ ಗಂಟೆಯೊಳಗೆ ಕೊಟ್ಟರೆ. ಆ ಗಳಿಗೆಯನ್ನು ಗುರುತಿಸಬೇಕಾದವಳು ಪಕ್ಕದಲ್ಲಿರುವ ಹುಡುಗಿ. ಅವಳಿಗೆ ಯಾರಾದರೂ ಕಲಿಸಿದ್ದರೆ ಮಾತ್ರ ಗುರುತಿಸುತ್ತಾಳೆ.

ಪದವಿ ಬೇಡ, ಕಲಿಕೆ ಬೇಕು ಎಂದಾಯಿತು. ಈಗ ಸಂಬಳ.

ಇಲ್ಲಿ ನಮ್ಮ ಭಾಷೆಯೇ ಒಂದು ಆಟ ಆಡುತ್ತದೆ. ಗುಮಾಸ್ತನಿಗೆ ಕೊಡುವುದು ಸಂಬಳ, ಗಾರೆ ಕೆಲಸದವನಿಗೆ ಕೊಡುವುದು ಕೂಲಿ. ಅಂಗನವಾಡಿ ಅಕ್ಕೋರಿಗೆ ಕೊಡುವುದು 'ಗೌರವಧನ', ಆಶಾ ತಂಗಿಗೆ ಕೊಡುವುದು 'ಪ್ರೋತ್ಸಾಹಧನ'. ಹೆಸರಿನಲ್ಲಿ ಗೌರವ ಜಾಸ್ತಿಯಾದಷ್ಟೂ ಧನ ಕಡಿಮೆಯಾಗಿದೆ. ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದು ಸುಪ್ರೀಂ ಕೋರ್ಟು 2006ರಲ್ಲಿ ನಮ್ಮ ರಾಜ್ಯದಿಂದಲೇ ಹೋದ ಅಮೀರ್‌ಬಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು ಅದೇ ನ್ಯಾಯಾಲಯ ಹೇಳಲು 2022ರ ಏಪ್ರಿಲ್ ಬರಬೇಕಾಯಿತು. ಆ ವರ್ಷವೇ ಮೇ 22ರಂದು ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಪ್ರಶಸ್ತಿ ಘೋಷಿಸಿ ಹೊಗಳಿತು. ದೇಶದಲ್ಲಿ ಅವರು ಸುಮಾರು ಹತ್ತು ಲಕ್ಷ ಮಂದಿ. 2020ರ ಕೊರೋನಾ ದಿನಗಳಲ್ಲಿ ನಾವು ಬಾಗಿಲು ಹಾಕಿ ಕುಳಿತಿದ್ದಾಗ ನಮ್ಮ ಗೇಟಿನ ಹೊರಗೆ ನಿಂತು "ಮನೆಯಲ್ಲಿ ಯಾರಿಗಾದರೂ ಜ್ವರ ಇದೆಯೇ" ಎಂದು ಕೇಳಿದವರು ಅವರು. ಪ್ರಶಸ್ತಿ ಬಂದ ಎರಡೂವರೆ ವರ್ಷಕ್ಕೆ, 2025ರ ಜನವರಿಯ ಚಳಿಯಲ್ಲಿ, ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲುರಾತ್ರಿ ಕುಳಿತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಕೈಗೆ ಸಿಗುವಂತೆ ಮಾಡುತ್ತೇವೆ ಎಂಬ ಮಾತು ಪಡೆದ ಮೇಲೆಯೇ ಎದ್ದರು.

"ಸೇವೆಯ ಕೆಲಸಕ್ಕೆ ಮುಷ್ಕರ ಏಕೆ?" ಎಂದು ಆಗ ಒಳ್ಳೆಯವರೇ ಕೇಳಿದ್ದುಂಟು. ಈ ಆಕ್ಷೇಪವನ್ನು ಸುಮ್ಮನೆ ತಳ್ಳಿಹಾಕಬಾರದು. ಅದರ ಹಿಂದೆ ಒಬ್ಬ ಸಂತನೇ ನಿಂತಿದ್ದಾರೆ. ಸಂತ ಕಮಿಲಸ್ ದೆ ಲೆಲ್ಲಿಸ್ ಯೌವನದಲ್ಲಿ ಸಿಪಾಯಿ, ಜೂಜುಕೋರ. ಕಾಲಿನ ಹುಣ್ಣಿಗೆ ಮದ್ದು ಹುಡುಕಿ ರೋಮಿನ ಸಂತ ಯಾಕೋಬರ ಆಸ್ಪತ್ರೆ ಸೇರಿದರು, ಅಲ್ಲೇ ಆಳಾಗಿ ನಿಂತರು, ಜೂಜಿನ ಚಟಕ್ಕೆ ಹೊರಗೂ ಹಾಕಿಸಿಕೊಂಡರು. ಮನಸ್ಸು ತಿರುಗಿ ಮರಳಿ ಬಂದಾಗ ಅವರ ಕಣ್ಣಿಗೆ ಬಿದ್ದದ್ದು ಕೂಲಿಯಾಳುಗಳು ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಅಸಡ್ಡೆಯ ರೀತಿ. ಹಣಕ್ಕಾಗಿ ಅಲ್ಲದೆ ದೇವರ ಪ್ರೀತಿಗಾಗಿ, ತಾಯಿ ತನ್ನ ಒಂದೇ ಮಗುವನ್ನು ನೋಡಿಕೊಳ್ಳುವಂತೆ ರೋಗಿಯನ್ನು ನೋಡುವವರು ಬೇಕು ಎಂದು ಅವರು ತಮ್ಮ ಸಭೆಯನ್ನು ಕಟ್ಟಿದರು. ಹಣ ಬಂದಲ್ಲಿ ಪ್ರೀತಿ ಸೋರಿಹೋಗುತ್ತದೆ ಎಂಬ ಭಯ ಹಾಗಾದರೆ ಸುಳ್ಳಲ್ಲ.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕಮಿಲಸರ ಸಹೋದರರು ಬಡತನದ ವ್ರತವನ್ನು ತಾವಾಗಿ ಕೈಗೊಂಡವರು. ಅವರಿಗೆ ಊಟಕ್ಕೆ ಮಠವಿತ್ತು, ಮುಪ್ಪಿನಲ್ಲಿ ನೋಡಿಕೊಳ್ಳಲು ಸಹೋದರರಿದ್ದರು. ನಮ್ಮ ಧರ್ಮಭಗಿನಿಯರೂ ಹಾಗೆಯೇ. ಬಿಣಗಾದಿಂದಲೋ ಹಟ್ಟಿಕೇರಿಯಿಂದಲೋ ಬಂದ ಹುಡುಗಿಗೆ ಅಂಥ ಮಠವಿಲ್ಲ. ಅವಳ ಮನೆಯಲ್ಲಿ ದೋಣಿ ಬಿಟ್ಟ ಅಪ್ಪ, ಶಾಲೆಗೆ ಹೋಗುವ ತಮ್ಮ, ತೀರದ ಸಂಘದ ಸಾಲ ಇರುತ್ತದೆ. ಬಡತನದ ವ್ರತವನ್ನು ಒಬ್ಬರು ತಾವೇ ತೆಗೆದುಕೊಳ್ಳಬಹುದು. ಇನ್ನೊಬ್ಬರ ಮಗಳ ಪರವಾಗಿ ನಾವು ಅದನ್ನು ತೆಗೆದುಕೊಳ್ಳುವಂತಿಲ್ಲ. ಹಾಗೆ ತೆಗೆದುಕೊಂಡು ಅದಕ್ಕೆ ಸೇವೆ ಎಂದು ಹೆಸರಿಟ್ಟರೆ, ಉಳಿದ ಹಣ ನಮ್ಮ ಕಿಸೆಯಲ್ಲಿ ಇರುತ್ತದೆ ಎಂಬುದನ್ನೂ ಹೇಳಬೇಕಾಗುತ್ತದೆ.

ಒಳ್ಳೆಯ ಸಮಾರಿಯದವನ ಸಾಮತಿ ನಮಗೆಲ್ಲ ಬಾಯಿಪಾಠ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ್ದು, ತನ್ನ ಕತ್ತೆಯ ಮೇಲೆ ಕೂರಿಸಿದ್ದು ಎಲ್ಲರಿಗೂ ನೆನಪಿರುತ್ತದೆ. ಆ ಕಥೆಯಲ್ಲಿ ಇನ್ನೊಬ್ಬನಿದ್ದಾನೆ, ಛತ್ರದವನು. ಅವನ ಮೇಲೆ ಪ್ರವಚನ ಕೇಳಿದ ನೆನಪು ನನಗಿಲ್ಲ. ಸಮಾರಿಯದವನು ಒಂದು ರಾತ್ರಿ ಇದ್ದು ಮರುದಿನ ತನ್ನ ಕೆಲಸಕ್ಕೆ ಹೊರಟುಹೋದ. ಆಮೇಲೆ ಗಾಯ ತೊಳೆದವನು, ಗಂಜಿ ಕೊಟ್ಟವನು, ಮಗ್ಗುಲು ತಿರುಗಿಸಿದವನು ಛತ್ರದವನೇ ಅಲ್ಲವೇ? ಅವನಿಗೆ ಸಮಾರಿಯದವನು ಎರಡು ಬೆಳ್ಳಿ ನಾಣ್ಯ ಕೊಟ್ಟ. ಒಂದು ನಾಣ್ಯ ಅಂದಿನ ಒಬ್ಬ ಕೂಲಿಯವನ ಒಂದು ದಿನದ ದುಡಿಮೆ ಎಂಬುದು ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯಿಂದ ನಮಗೆ ತಿಳಿದಿದೆ. ಇನ್ನೂ ಹೆಚ್ಚು ಖರ್ಚಾದರೆ ಮರಳಿ ಬರುವಾಗ ಕೊಡುತ್ತೇನೆ ಎಂದೂ ಹೇಳಿದ. ಛತ್ರದವನು ಹಣ ಪಡೆದ ಎಂದು ಯೇಸುಸ್ವಾಮಿ ಅವನನ್ನು ಹಳಿಯಲಿಲ್ಲ. ಸಂತ ಲೂಕರ ಶುಭಸಂದೇಶದ ಅದೇ ಹತ್ತನೆಯ ಅಧ್ಯಾಯದಲ್ಲಿ, ಸ್ವಲ್ಪ ಮೇಲೆ, ದುಡಿಯುವವನು ತನ್ನ ಕೂಲಿಗೆ ಯೋಗ್ಯನು ಎಂಬ ಅರ್ಥದ ಮಾತೂ ಇದೆ. ಎರಡನ್ನೂ ಒಂದೇ ಸಲ ಓದಿ ನೋಡಿ.

ನಮ್ಮಲ್ಲಿ ಹೆಚ್ಚಿನವರು ಸಮಾರಿಯದವರೇ. ಮಕ್ಕಳು ಒಂದು ರಾತ್ರಿ ಇದ್ದು ಮರುದಿನ ವಿಮಾನ ಹತ್ತುತ್ತಾರೆ. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಎಲ್ಲರಿಗೂ ಅವರವರ ಹೊಟ್ಟೆಪಾಡು ಇದೆ. ಛತ್ರದವನೊಂದಿಗೆ ಮಾಡಿಕೊಂಡ ಮಾತು ಏನು ಎಂಬುದಷ್ಟೇ ಪ್ರಶ್ನೆ.

ಕರಾವಳಿಯ ನಮ್ಮ ಕ್ರೈಸ್ತ ಬಾಂಧವರು ಅನೇಕರು ಇಸ್ರೇಲಿನಲ್ಲಿ ಇದೇ ಕೆಲಸ ಮಾಡುತ್ತಿದ್ದಾರೆ. ಅಲ್ಲಿಯ ವೃದ್ಧರನ್ನು ಸ್ನಾನ ಮಾಡಿಸುತ್ತಾರೆ, ಗಾಲಿಕುರ್ಚಿ ತಳ್ಳುತ್ತಾರೆ. ಅವರ ಹಣದಿಂದ ಇಲ್ಲಿ ಮನೆಗಳು ಎದ್ದಿವೆ, ತಂಗಿಯರ ಮದುವೆಯಾಗಿದೆ. ಅವರಿಗೆ ಅಲ್ಲಿ ಆ ದೇಶದ ಕನಿಷ್ಠ ವೇತನ ಅನ್ವಯಿಸುತ್ತದೆ, ವಾರದ ರಜೆ ಇದೆ. ಮಾಲೀಕರು ರಜೆ ತಪ್ಪಿಸಿದರೆ ಮಗಳು ಫೋನಿನಲ್ಲಿ ಅಳುತ್ತಾಳೆ, ಇಲ್ಲಿ ತಾಯಿಯ ಕರುಳು ಚುರುಕ್ ಎನ್ನುತ್ತದೆ. ಅದೇ ತಾಯಿಯನ್ನು ಇಲ್ಲಿ ನೋಡಿಕೊಳ್ಳುತ್ತಿರುವ ಹೋಂ ನರ್ಸ್ ಹುಡುಗಿ ಮೂರು ತಿಂಗಳಿಂದ ಮನೆಗೆ ಹೋಗಿರುವುದಿಲ್ಲ. ಅವಳು ಮಲಗುವುದು ಅಜ್ಜಿಯ ಮಂಚದ ಪಕ್ಕ ನೆಲದ ಮೇಲೆ. ರಾತ್ರಿ ನಾಲ್ಕು ಸಲ ಎದ್ದು, ಹಗಲಿನಲ್ಲಿ "ಸುಮ್ಮನೆ ಕೂತಿದ್ದೀಯಲ್ಲ, ನಾಲ್ಕು ಪಾತ್ರೆ ತೊಳೆ" ಎನಿಸಿಕೊಳ್ಳುತ್ತಾಳೆ. ನಾವು ಏಜೆನ್ಸಿಗೆ ಕೊಟ್ಟ ಹಣದಲ್ಲಿ ಅವಳಿಗೆ ಎಷ್ಟು ಮುಟ್ಟಿತು ಎಂದು ಕೇಳಿದವರು ಎಷ್ಟು ಮಂದಿ?

ಕರ್ನಾಟಕ ಸರ್ಕಾರ ಮನೆಗೆಲಸದವರಿಗೆ ಕನಿಷ್ಠ ವೇತನವನ್ನು 2004ರಷ್ಟು ಹಿಂದೆಯೇ ಗೊತ್ತುಪಡಿಸಿತು. ಮನೆಗೆಲಸದವರಿಗೆ ವಾರಕ್ಕೆ ಕನಿಷ್ಠ ಇಪ್ಪತ್ನಾಲ್ಕು ಗಂಟೆ ಬಿಡುವು ಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಒಡಂಬಡಿಕೆ ಮಾಡಿತು. ಭಾರತ ಅದರ ಪರ ಮತ ಹಾಕಿತು, ಆದರೆ ಅಂಗೀಕರಿಸಿ ಸಹಿ ಹಾಕಿಲ್ಲ. ಕಾನೂನು ಅಡುಗೆಮನೆಯವರೆಗೆ ಬಂದು ತಲುಪುವುದು ನಿಧಾನ. ಪರಮಗುರು ಹದಿಮೂರನೇ ಲಿಯೋ ನ್ಯಾಯವಾದ ಕೂಲಿಯ ಕುರಿತು ವಿಶ್ವಪತ್ರ ಬರೆದದ್ದು 1891ರಲ್ಲಿ. ಅದು ಕಾರ್ಖಾನೆಗಳಿಗೆ ಮಾತ್ರ ಎಂದು ನಾವು ತಿಳಿದುಕೊಂಡಿದ್ದೇವೆ.

ವಿದೇಶದ ಮಾತು ಬಂದದ್ದರಿಂದ ತಂದೆತಾಯಂದಿರಿಗೆ ಒಂದು ಎಚ್ಚರಿಕೆ. ಹೊರದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟನಿಗೆ ವಿದೇಶಾಂಗ ಸಚಿವಾಲಯದ ನೋಂದಣಿ ಇರಬೇಕು. ನೋಂದಾಯಿತ ಏಜೆಂಟ್ ಉದ್ಯೋಗಾರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಎಂಬ ಮಿತಿ ಇದೆ. ಲಕ್ಷಗಳ ಮಾತಾಡುವವನ ಮುಂದೆ ಚಹಾ ಇಡುವ ಮೊದಲು ನೋಂದಣಿ ಸಂಖ್ಯೆ ಕೇಳಿ. ಮನೆಯ ಪತ್ರ ಒತ್ತೆ ಇಟ್ಟು ಹೋದ ಮಗಳು ಅಲ್ಲಿ ಎಂಥ ಮನೆ ಸಿಕ್ಕರೂ ಬಿಟ್ಟು ಬರಲಾರಳು.

ಗಂಡುಮಕ್ಕಳ ಮಾತೂ ಇದೆ. ಮೈಮೇಲೆ ಎಚ್ಚರವಿಲ್ಲದ ಭಾರದ ಮುದುಕರನ್ನು ಎತ್ತಿ ಸ್ನಾನ ಮಾಡಿಸಲು ಗಂಡಾಳು ಬೇಕೆಂದು ಹುಡುಕುವ ಮನೆಗಳಿವೆ, ಹುಡುಗರು ಸಿಗುವುದಿಲ್ಲ. ಅದು ಹೆಂಗಸರ ಕೆಲಸ ಎಂಬ ನಾಚಿಕೆ. ಕಮಿಲಸ್ ಆಗಲಿ, ಗ್ರಾನಡಾದಲ್ಲಿ ಆಸ್ಪತ್ರೆ ತೆರೆದ ಸಂತ ದೇವರ ಯೊವಾನ್ನರಾಗಲಿ ಇಬ್ಬರೂ ಕತ್ತಿ ಹಿಡಿದ ಸಿಪಾಯಿಗಳಾಗಿದ್ದವರು. ಯೊವಾನ್ನರು ನಡುವೆ ಪುಸ್ತಕ ಮಾರಿಯೂ ಬದುಕಿದ್ದರು. ರೋಗಿಗಳ ಮತ್ತು ಆಸ್ಪತ್ರೆಗಳ ಪಾಲಕ ಸಂತರೆಂದು ಧರ್ಮಸಭೆ ಇವರಿಬ್ಬರನ್ನೇ ಆರಿಸಿಕೊಂಡಿದೆ.

ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದ ಮೇಲೆ ನಮಗೆ ಒಂದು ಅನುಕೂಲ ಹತ್ತಿರವಾಗಿದೆ. ವೈದ್ಯರಿದ್ದಾರೆ, ಅನುಭವಿ ನರ್ಸುಗಳಿದ್ದಾರೆ. ಅವರಲ್ಲಿ ನಮ್ಮ ಪೂಜೆಗೆ ಬರುವವರೂ ಇದ್ದಾರೆ. ಧರ್ಮಕೇಂದ್ರದ ಸಭಾಂಗಣ ವಾರದ ಐದು ದಿನ ಖಾಲಿ ಬಿದ್ದಿರುತ್ತದೆ. ಮಹಿಳಾ ಸಂಘದವರು ಮನಸ್ಸು ಮಾಡಿದರೆ ವಾರಕ್ಕೊಂದು ಸಂಜೆ, ಮಗ್ಗುಲು ತಿರುಗಿಸುವುದರಿಂದ ಲಕ್ವದ ಗುರುತಿನವರೆಗೆ, ಹೋಂ ನರ್ಸ್ ಹುಡುಗಿಯರಿಗೂ ಮನೆಯ ಸೊಸೆಯಂದಿರಿಗೂ ಒಟ್ಟಿಗೇ ಕಲಿಸಬಹುದು. ಜಾಮಖೇಡಿನಲ್ಲಿ ಆರಂಭವಾದದ್ದೂ ಇಂಥ ಪಾಠಗಳಿಂದಲೇ. ಏಜೆನ್ಸಿಯ ಮೂಲಕವೋ ನೇರವಾಗಿಯೋ ಹೋಂ ನರ್ಸ್ ಇಟ್ಟುಕೊಂಡವರು ಒಂದು ಕಾಗದದಲ್ಲಿ ಅವಳ ಕೆಲಸ, ಸಂಬಳ, ಮಲಗುವ ಜಾಗ, ತಿಂಗಳಿಗೆ ಎಷ್ಟು ದಿನ ಊರಿಗೆ ಎಂಬುದನ್ನು ಬರೆದು ಇಬ್ಬರೂ ಸಹಿ ಹಾಕಬಹುದು. ಏಜೆನ್ಸಿ ಎಷ್ಟು ಹಿಡಿದುಕೊಳ್ಳುತ್ತದೆ ಎಂದು ಅವಳ ಎದುರಿಗೇ ಕೇಳಬಹುದು.

ಭಾನುವಾರದ ವಿಷಯ ಉಳಿಯಿತು. ಕಾರಿನಲ್ಲಿ ಮನೆಯವರೆಲ್ಲ ಪೂಜೆಗೆ ಹೊರಡುವಾಗ ಅಜ್ಜಿಯ ಜೊತೆ ಇರುವವಳು ಅವಳೇ. ಅವಳು ನಮ್ಮವಳೇ ಆಗಿದ್ದರೂ, ಬೇರೆ ಧರ್ಮದವಳಾಗಿದ್ದರೂ, ಆ ಹೊತ್ತು ಅವಳದಾಗಿರುವುದಿಲ್ಲ. ಬೆಳಿಗ್ಗೆ ಎರಡು ಪೂಜೆಗಳಿರುವ ಊರಿನಲ್ಲಿ ಮನೆಯವರಲ್ಲಿ ಅರ್ಧ ಜನ ಮೊದಲನೆಯದಕ್ಕೆ, ಅರ್ಧ ಜನ ಎರಡನೆಯದಕ್ಕೆ ಹೋಗಬಹುದು. ಒಂದೇ ಪೂಜೆ ಇರುವಲ್ಲಿ ನೆರೆಮನೆಯವರನ್ನು ಕೇಳಬೇಕಾಗುತ್ತದೆ. ಅವಳು ಆ ಮೂರು ಗಂಟೆಯಲ್ಲಿ ಪೂಜೆಗೆ ಹೋಗಲಿ, ಪೇಟೆಗೆ ಹೋಗಲಿ, ಅಥವಾ ಬಾಗಿಲು ಹಾಕಿಕೊಂಡು ನಿದ್ರೆ ಮಾಡಲಿ. ಅಜ್ಜಿಯ ಪಕ್ಕ ಯಾರು ಕೂರುತ್ತಾರೆ ಎಂಬುದನ್ನು ಶನಿವಾರ ರಾತ್ರಿ ಊಟದ ಹೊತ್ತಿಗೇ ಮಾತಾಡಿ ಇಟ್ಟುಕೊಂಡರೆ ಒಳ್ಳೆಯದು.